ಊರಿನ ಸಾಲ, ಮನೆಯ ಸಾಲ

ಊರು ಬಿಟ್ಟು ಬಂದವರಿಗೆ ಊರಿನವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಅಷ್ಟು ದೂರ ಹೋಗಿ ಊರಿಗೆ ಏನು ಮಾಡಿದೆ? ಪುಣೆಯಲ್ಲಿ ನೆಲೆಸಿದ ನಮ್ಮಂಥ ಕನ್ನಡಿಗರ ಹತ್ತಿರ ಇದಕ್ಕೆ ಉತ್ತರ ತಯಾರಿರುತ್ತದೆ. ತಮ್ಮನನ್ನು ಓದಿಸಿದ್ದೇವೆ, ಹಳೇ ಮನೆಗೆ ಆರ್‌ಸಿಸಿ ಹಾಕಿಸಿದ್ದೇವೆ, ಗುಡಿಯ ಜೀರ್ಣೋದ್ಧಾರಕ್ಕೆ ದೇಣಿಗೆ ಕೊಟ್ಟಿದ್ದೇವೆ. ಯಾವುದೂ ಸುಳ್ಳಲ್ಲ. ಆದರೆ ಈ ರಸೀದಿಗಳೆಲ್ಲ ಯಾವ ಸಾಲದ್ದು ಅಂತ ನಾವು ಕೇಳಿಕೊಳ್ಳುವುದಿಲ್ಲ. ಆ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಪುಣೆಯಲ್ಲೂ ಅಲ್ಲ, ಧಾರವಾಡದಲ್ಲೂ ಅಲ್ಲ. ಷೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡ್‌ನಲ್ಲಿ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನಾನು ಓದುತ್ತಿದ್ದಾಗ ಅಲ್ಲಿಂದ ಸ್ಟ್ರಾಟ್‌ಫರ್ಡ್‌ಗೆ ರೈಲಿನಲ್ಲಿ ಸುಮಾರು ಒಂದು ತಾಸಿನ ದಾರಿ. ವಿದ್ಯಾರ್ಥಿಗಳಿಗೆ ನಾಟಕದ ಟಿಕೆಟ್ಟು ಅಗ್ಗ, ಹೀಗಾಗಿ ಮೇಲಿಂದ ಮೇಲೆ ಹೋಗುತ್ತಿದ್ದೆ. ಕನ್ನಡದವರಿಗೆ ಈ ಕವಿ ಪರಕೀಯನೇನಲ್ಲ. ಮಾಸ್ತಿ, ಡಿ.ವಿ.ಜಿ. ಅವನನ್ನು ಅನುವಾದಿಸಿದ್ದಾರೆ, ಕುವೆಂಪು ಅವರ ‘ರಕ್ತಾಕ್ಷಿ’ಯಲ್ಲಂತೂ ಹ್ಯಾಮ್ಲೆಟ್ಟನ ಕಥೆ ಬಿದನೂರಿಗೇ ಬಂದು ಕೂತಿದೆ.

ಏವನ್ ನದಿಯ ದಂಡೆಗೆ ಒಂದು ಹಳೇ ಚರ್ಚಿದೆ. 1564ರ ಏಪ್ರಿಲ್ 26ರಂದು ಅವನಿಗೆ ಹೆಸರಿಟ್ಟದ್ದು ಅಲ್ಲೇ, 1616ರಲ್ಲಿ ಮಣ್ಣು ಮಾಡಿದ್ದೂ ಅಲ್ಲೇ. ಆದರೆ ನಡುವಿನ ದುಡಿಮೆಯ ವರ್ಷಗಳೆಲ್ಲ ಬಹುಪಾಲು ಕಳೆದದ್ದು ನೂರಾ ಅರವತ್ತು ಕಿಲೋಮೀಟರ್ ಆಚೆಯ ಲಂಡನ್ನಿನಲ್ಲಿ. ಆಗ ಅದು ಕುದುರೆಯ ಮೇಲೆ ಕೆಲವು ದಿನಗಳ ಪ್ರಯಾಣ. ಅಂದರೆ ಅವನೂ ನಮ್ಮ ಹಾಗೆ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಪಟ್ಟಣ ಸೇರಿದವನೇ.

ಊರಿಗೂ ಅವನಿಗೂ ಇದ್ದ ಲೆಕ್ಕ ಬಹಳ ವಿಚಿತ್ರವಾದದ್ದು. ಅವನ ತಂದೆ ಜಾನ್ ಕೈಗವಸು ಮಾಡುವವನು, 1568ರಲ್ಲಿ ಊರಿನ ಮುಖ್ಯಾಧಿಕಾರಿಯಾದ. ಅವನ ಅವಧಿಯಲ್ಲಿ ನಾಟಕ ಮಂಡಳಿಗಳಿಗೆ ಊರಿನ ಬೊಕ್ಕಸದಿಂದ ದುಡ್ಡು ಸಂದಿದೆ. ಮುಂದೆ ಗಾಳಿ ತಿರುಗಿತು. 1602ರಲ್ಲಿ ಊರಿನ ಕೌನ್ಸಿಲ್ಲು ತನ್ನ ಸಭಾಭವನದಲ್ಲಿ ನಾಟಕ ಆಡಿಸಲು ಒಪ್ಪಿಗೆ ಕೊಟ್ಟವರಿಗೆ 10 ಶಿಲಿಂಗ್ ದಂಡ ಎಂದು ನಿಯಮ ಮಾಡಿತು; 1612ರಲ್ಲಿ ದಂಡವನ್ನು 10 ಪೌಂಡಿಗೆ ಏರಿಸಿತು. ಇದೇ ಕಾಲಕ್ಕೆ ಊರಿನ ಮಗ ಲಂಡನ್ನಿನಲ್ಲಿ ನಾಟಕ ಬರೆದು ಜನ ಸೇರಿಸುತ್ತಿದ್ದ. ಅವನು ತೀರಿದ ಮೇಲೆ, 1622ರಲ್ಲಿ, ಅವನದೇ ಮಂಡಳಿ ಸ್ಟ್ರಾಟ್‌ಫರ್ಡ್‌ಗೆ ಬಂದಾಗ ‘ನಮ್ಮ ಭವನದಲ್ಲಿ ಆಡಬೇಡಿ’ ಅಂತ 6 ಶಿಲಿಂಗ್ ಕೊಟ್ಟು ಸಾಗಹಾಕಿದರು! ಮರುವರ್ಷವೇ ಅವನ 36 ನಾಟಕಗಳ ಸಂಪುಟ ಲಂಡನ್ನಿನಲ್ಲಿ ಅಚ್ಚಾಯಿತು.

ಈಗ ಹೋಗಿ ನೋಡಿ. ಅಂಗಡಿ, ಹೋಟೆಲು, ಚಹಾದ ಕಪ್ಪು, ಟವೆಲು, ಎಲ್ಲದರ ಮೇಲೂ ಅವನ ಬೋಳು ಹಣೆ. ಅವನು ಹುಟ್ಟಿದ್ದೆಂದು ನಂಬಲಾದ ಮನೆಯನ್ನು 1847ರಲ್ಲಿ ವಂತಿಗೆ ಕೂಡಿಸಿ 3,000 ಪೌಂಡಿಗೆ ಹರಾಜಿನಲ್ಲಿ ಕೊಂಡರು. ಬೇಡವೆಂದದ್ದನ್ನೇ ಉಂಡು ಊರು ಬದುಕಿದೆ. ಹಾಗೆ ನೋಡಿದರೆ ಊರಿನ ಸಾಲವನ್ನು ಅವನು ಬಡ್ಡಿಸಮೇತ ತೀರಿಸಿದ್ದಾನೆ, ಅದೂ ಸತ್ತ ಮೇಲೆ.

ಮನೆಯ ಲೆಕ್ಕ ಹಾಗಿಲ್ಲ. 18ನೇ ವಯಸ್ಸಿಗೆ ಅವನ ಮದುವೆಯಾಯಿತು. 1583ರಲ್ಲಿ ಮಗಳು, 1585ರಲ್ಲಿ ಅವಳಿ ಮಕ್ಕಳು: ಹ್ಯಾಮ್ನೆಟ್ ಎಂಬ ಗಂಡು, ಜುಡಿತ್ ಎಂಬ ಹೆಣ್ಣು. 1596ರ ಆಗಸ್ಟ್ 11ರಂದು ಹ್ಯಾಮ್ನೆಟ್‌ನನ್ನು ಮಣ್ಣು ಮಾಡಿದರು. ಹುಡುಗನಿಗೆ ಹನ್ನೊಂದು ವರ್ಷ. ಅವತ್ತು ತಂದೆ ಎಲ್ಲಿದ್ದ ಎಂಬುದಕ್ಕೆ ದಾಖಲೆ ಉಳಿದಿಲ್ಲ. ಅದೇ ವರ್ಷ ಮನೆತನಕ್ಕೆ ಗೌರವದ ಲಾಂಛನ ಸಿಕ್ಕಿತು. ಮರುವರ್ಷ ಊರಿನ ದೊಡ್ಡ ಮನೆಗಳಲ್ಲೊಂದನ್ನು ಅವನು ಕೊಂಡ. ಆ ಮನೆಯೂ ಈಗಿಲ್ಲ. 1759ರಲ್ಲಿ ಆಗಿನ ಮಾಲೀಕರಾದ ಪಾದ್ರಿಯೊಬ್ಬರು ಅದನ್ನು ಕೆಡವಿಸಿದರು. ನಾನು ಕಂಡದ್ದು ಅಲ್ಲಿ ಬೆಳೆಸಿದ ತೋಟವನ್ನು ಮಾತ್ರ.

ಅವತ್ತು ರಾತ್ರಿ ನೋಡಿದ ನಾಟಕ ‘ದಿ ವಿಂಟರ್ಸ್ ಟೇಲ್’. ರಾಜ ಲಿಯಾಂಟಿಸ್ ಸುಮ್ಮಸುಮ್ಮನೆ ಹೆಂಡತಿಯನ್ನು ಶಂಕಿಸಿ ಸೆರೆಗೆ ಹಾಕುತ್ತಾನೆ, ಹಸುಗೂಸು ಮಗಳನ್ನು ದೂರದಲ್ಲಿ ಬಿಟ್ಟುಬರಲು ಹೇಳುತ್ತಾನೆ. ತಾಯಿಯ ಕೊರಗಿನಲ್ಲಿ ಚಿಕ್ಕ ಮಗ ಮಮಿಲಿಯಸ್ ಸಾಯುತ್ತಾನೆ. ಹದಿನಾರು ವರ್ಷದ ಮೇಲೆ ಮಗಳು ಸಿಗುತ್ತಾಳೆ. ಸತ್ತಳೆಂದುಕೊಂಡ ರಾಣಿ ಶಿಲ್ಪದ ಹಾಗೆ ನಿಂತವಳು ಮೆಲ್ಲಗೆ ಕದಲುತ್ತಾಳೆ. ಪ್ರೇಕ್ಷಕರು ಕಣ್ಣೊರೆಸಿಕೊಂಡರು. ನನ್ನ ಕಣ್ಣು ಮಾತ್ರ ರಂಗದ ಮೇಲೆ ಆ ಹುಡುಗನನ್ನು ಹುಡುಕುತ್ತಿತ್ತು. ಅವನು ಬರಲಿಲ್ಲ. ಎಲ್ಲವನ್ನೂ ಮರಳಿಸುವ ಈ ನಾಟಕ ಅವನನ್ನು ಮರಳಿಸುವುದಿಲ್ಲ.

ನಾಟಕವನ್ನು ನಾಟಕಕಾರನ ಜಾತಕದಂತೆ ಓದಬಾರದು, ಒಪ್ಪುತ್ತೇನೆ. ಅವನು ಊರಲ್ಲೇ ಕೈಗವಸು ಹೊಲಿಯುತ್ತ ಇದ್ದಿದ್ದರೂ ಹುಡುಗ ಉಳಿಯುತ್ತಿದ್ದ ಅಂತಿಲ್ಲ. ಮಕ್ಕಳ ಸಾವು ಆ ಕಾಲದಲ್ಲಿ ಮನೆಮನೆಯ ಮಾತು. ‘ಅವನು ಊರಲ್ಲೇ ಉಳಿದಿದ್ದರೆ ಜಗತ್ತಿಗೆ ಆ ನಾಟಕಗಳು ಸಿಗುತ್ತಿದ್ದವೇನು?’ ಎಂದೂ ಕೇಳಬಹುದು. ಸಿಗುತ್ತಿರಲಿಲ್ಲ. ಆದರೆ ಜಗತ್ತಿಗೆ ಸಿಕ್ಕದ್ದು ಆ ಹುಡುಗನಿಗೆ ಸಂದಂತೆ ಆಗುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ. ಮಕ್ಕಳು, ಮುಪ್ಪಾದ ತಂದೆತಾಯಿ ನಮ್ಮಿಂದ ಬಯಸುವುದು ನಮ್ಮ ದಿನಗಳನ್ನು. ಊರಿನ ಸಾಲವನ್ನು ಹಣದಿಂದ ತೀರಿಸಬಹುದು, ಹೆಸರಿನಿಂದ ತೀರಿಸಬಹುದು, ತಡವಾಗಿಯೂ ತೀರಿಸಬಹುದು. ಮನೆಯ ಸಾಲಕ್ಕೆ ಮಾತ್ರ ಆಯಾ ದಿನವೇ ಗಡುವು, ಅದನ್ನು ಪಡೆಯಬೇಕಾದವರೂ ಅವರೇ.

ಇದು ನನ್ನ ಅವ್ವನಿಗೆ ಯಾವ ನಾಟಕವನ್ನೂ ನೋಡದೆ ಗೊತ್ತು. ‘ರೊಕ್ಕ ಮುಟ್ಟಿತೇನವ್ವಾ?’ ಅಂತ ಫೋನಿನಲ್ಲಿ ಕೇಳಿದರೆ ಆಕೆಯದು ಯಾವಾಗಲೂ ಎರಡು ವಾಕ್ಯ: ‘ಮುಟ್ಟೇತಿ. ನೀ ಯಾವಾಗ ಬರ್ತಿ?’ ಮೊದಲನೆಯದು ಎರಡನೆಯದಕ್ಕೆ ಉತ್ತರ ಅಂತ ಆಕೆ ಎಂದೂ ತಿಳಿದಿಲ್ಲ.

ಹಾಗಂತ ಊರು ಬಿಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಹೊಟ್ಟೆಪಾಡು ಇದೆ, ಊರಿನಲ್ಲಿ ಜಾಗ ಸಿಗದ ಪ್ರತಿಭೆ ಇದೆ, ಕೆಲವರಿಗೆ ಊರೇ ಉಸಿರುಗಟ್ಟಿಸುತ್ತದೆ. ಹೋಗಬೇಕಾದವರು ಹೋಗಲಿ. ಆದರೆ ಗುಡಿಗೆ ಕೊಟ್ಟ ದೇಣಿಗೆಯ ರಸೀದಿಯನ್ನು ಮನೆಯಲ್ಲಿ ಕಾಯುವವರ ಮುಂದೆ ಹಿಡಿಯಬಾರದು. ಊರಲ್ಲಿ ಇರುವವರೂ ನಮ್ಮನ್ನು ಕೇಳುವಾಗ ಊರಿಗೆ ಏನು ಮಾಡಿದೆ ಅಂತ ಕೇಳುವುದನ್ನು ಬಿಟ್ಟು, ಮನೆಗೆ ಎಷ್ಟು ದಿನ ಬಂದಿದ್ದೆ ಅಂತ ಕೇಳಲಿ. ಉತ್ತರ ಹೇಳುವುದು ಕಷ್ಟ, ಆದರೆ ಆ ಪ್ರಶ್ನೆ ನ್ಯಾಯವಾದದ್ದು.