ಬೆನ್ನಿನ ಶಸ್ತ್ರಚಿಕಿತ್ಸೆ, ತಲೆಸುತ್ತು ಮತ್ತು ಯಥಾಶಕ್ತಿ ಪೂಜೆ

ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುವ ವಾರಗಳಲ್ಲಿ ಕೆಲವರಿಗೆ ತಲೆಸುತ್ತು ಕಾಣಿಸಿಕೊಳ್ಳುತ್ತದೆ. ಬಾಗಬೇಡಿ, ಬೆನ್ನು ತಿರುಚಬೇಡಿ, ಭಾರ ಎತ್ತಬೇಡಿ ಎಂದು ವೈದ್ಯರು ಮೊದಲೇ ಹೇಳಿರುತ್ತಾರೆ. ಅದರ ಮೇಲೆ ಮಗ್ಗುಲಾದರೆ, ಎದ್ದು ಕೂತರೆ, ತಲೆಯೆತ್ತಿ ನೋಡಿದರೆ ಗೋಡೆಗಳು ಸುತ್ತತೊಡಗುತ್ತವೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಈ ಕಾಯಿಲೆ ಆಸ್ಪತ್ರೆಯ ಚೀಟಿಯಲ್ಲಿಲ್ಲದ ಇನ್ನೊಂದು ಪ್ರಶ್ನೆಯನ್ನೂ ಎಬ್ಬಿಸುತ್ತದೆ. ದಿನವೂ ದೇವರಿಗೆ ಅಡ್ಡಬಿದ್ದು ಅಭ್ಯಾಸವಾದ ಮೈ ಈಗ ಬಾಗುವುದಿಲ್ಲ. ಪ್ರದಕ್ಷಿಣೆ ಬಂದರೆ ಬೀಳುವ ಭಯ. ನಮಸ್ಕಾರವಿಲ್ಲದ ಪೂಜೆ ಪೂಜೆಯಾಗುತ್ತದೆಯೇ? ಬಿಟ್ಟುಹೋದದ್ದಕ್ಕೆ ದೋಷವಿದೆಯೇ? ಈ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಬಹಳ ಹಿಂದೆಯೇ ಗಂಭೀರವಾಗಿ ಚರ್ಚಿಸಿದ್ದಾರೆ. ಅವರ ತೀರ್ಮಾನ ರೋಗಿಯ ಪರವಾಗಿದೆ: ನಿತ್ಯದ ಕರ್ತವ್ಯಕ್ಕೆ ಮಾಡುವವನ ಶಕ್ತಿಯೇ ಅಳತೆ.

ದೇಹದಲ್ಲಿ ನಡೆಯುವುದು

ಮನುಷ್ಯ ನೆಟ್ಟಗೆ ನಿಲ್ಲುವುದು ಮೂರು ಮೂಲಗಳಿಂದ ಬರುವ ಸುದ್ದಿಯ ಬಲದಿಂದ. ಒಂದು ಒಳಗಿವಿ, ಎರಡನೆಯದು ಕಣ್ಣು, ಮೂರನೆಯದು ಕತ್ತು, ಕಾಲು, ಪಾದಗಳ ಸ್ನಾಯು ಮತ್ತು ಕೀಲು. ಒಳಗಿವಿಯ ಮೂರು ಅರ್ಧವೃತ್ತ ನಾಳಗಳು ತಲೆಯ ತಿರುಗುವಿಕೆಯನ್ನು ಅರಿಯುತ್ತವೆ. ಅವುಗಳ ಬುಡದ ಎರಡು ಚೀಲಗಳಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳು ಮೇಲು ಕೆಳಗನ್ನು ತಿಳಿಸುತ್ತವೆ. ಮೂರು ಮೂಲಗಳ ಸುದ್ದಿ ಒಂದಕ್ಕೊಂದು ಹೊಂದದಿದ್ದಾಗ ಬವಳಿ ಬರುತ್ತದೆ.

ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ ಇದಕ್ಕೆ ಹಲವು ಕಾರಣಗಳಿರಬಹುದು. ಬಹಳ ದಿನ ಒಂದೇ ಭಂಗಿಯಲ್ಲಿ ಮಲಗಿದವರಲ್ಲಿ ಹರಳುಗಳು ಚೀಲದಿಂದ ಕಳಚಿ ನಾಳಕ್ಕೆ ಸೇರಿಕೊಳ್ಳುವುದುಂಟು. ಆಗ ಮಗ್ಗುಲು ಬದಲಿಸಿದೊಡನೆ ಕೆಲವು ಕ್ಷಣ ಲೋಕ ಗಿರಗಿರನೆ ತಿರುಗಿ ನಿಲ್ಲುತ್ತದೆ. ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲಿಡುವುದಾದರೆ ರಕ್ತದೊತ್ತಡ ಇಳಿಯುತ್ತಿರಬಹುದು. ನಿಂತ 3 ನಿಮಿಷಗಳೊಳಗೆ ಮೇಲಿನ ಒತ್ತಡ 20 ಅಥವಾ ಕೆಳಗಿನದು 10ರಷ್ಟು ಕುಸಿದರೆ ವೈದ್ಯರು ಅದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ. ರಕ್ತನಷ್ಟ, ನೀರು ಕಡಿಮೆ ಕುಡಿಯುವುದು, ಬಲವಾದ ನೋವಿನ ಮಾತ್ರೆ, ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಇವೆಲ್ಲ ಇದರಲ್ಲಿ ಪಾಲುಗೊಳ್ಳಬಹುದು. ಕತ್ತಿನ ಭಾಗದ ಶಸ್ತ್ರಚಿಕಿತ್ಸೆಯಾದರೆ ಅಲ್ಲಿನ ಸ್ನಾಯುಗಳಿಂದ ಬರುವ ಸುದ್ದಿಯೂ ಕೆಲಕಾಲ ಏರುಪೇರಾಗುತ್ತದೆ. ಕೂತಾಗ ಹೆಚ್ಚಿ ಮಲಗಿದಾಗ ತಗ್ಗುವ ತಲೆನೋವು ಜೊತೆಗಿದ್ದರೆ ಮಿದುಳುಬಳ್ಳಿಯ ದ್ರವ ಸೋರುತ್ತಿದೆಯೇ ಎಂದು ನೋಡಬೇಕಾಗುತ್ತದೆ. ಕೈಕಾಲಿನ ಹೊಸ ಬಲಹೀನತೆ, ಮಾತು ತೊದಲುವುದು, ಎರಡೆರಡಾಗಿ ಕಾಣುವುದು, ಜ್ವರ, ಮಲಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕಳಚಿದ ಹರಳನ್ನು ಸ್ವಸ್ಥಾನಕ್ಕೆ ಮರಳಿಸಲು ಜಾನ್ ಎಪ್ಲಿ ಎಂಬ ಅಮೆರಿಕದ ವೈದ್ಯರು ರೂಪಿಸಿದ, ತಲೆಯನ್ನು ಕ್ರಮವಾಗಿ ಹೊರಳಿಸುವ ವಿಧಾನ ಇಂದು ಎಲ್ಲೆಡೆ ಬಳಕೆಯಲ್ಲಿದೆ. ಆದರೆ ಅದರಲ್ಲಿ ತಲೆಯನ್ನು ಹಿಂದಕ್ಕೆ ಬಾಗಿಸಿ ಪಕ್ಕಕ್ಕೆ ತಿರುಗಿಸಬೇಕು. ಬೆನ್ನು ಕತ್ತಿನ ಗಾಯ ಮಾಯುತ್ತಿರುವವರು ಶಸ್ತ್ರಚಿಕಿತ್ಸಕರ ಒಪ್ಪಿಗೆಯಿಲ್ಲದೆ ಮನೆಯಲ್ಲಿ ಇದನ್ನು ಮಾಡಿಕೊಳ್ಳಬಾರದು. ಸಮತೋಲ ಮರಳಿಸುವ ವ್ಯಾಯಾಮಗಳನ್ನು 1940ರ ದಶಕದಲ್ಲಿ ಇಂಗ್ಲೆಂಡಿನ ಕಾಥಾರ್ನ್ ಮತ್ತು ಕುಕ್ಸಿ ಕ್ರಮಗೊಳಿಸಿದರು. ಅವುಗಳ ಹಿಂದಿನ ತತ್ತ್ವ ಸರಳ: ಅಲುಗಾಡದೆ ಮಲಗಿದರೆ ಮಿದುಳು ಕಲಿಯುವುದಿಲ್ಲ, ಅಳತೆಯಲ್ಲಿ ಅಲುಗಿದರೆ ಹೊಸ ಸುದ್ದಿಗೆ ಹೊಂದಿಕೊಳ್ಳುತ್ತದೆ.

ಆಚರಣೆಯಲ್ಲಿನ ಎಡರುಗಳು

ಪೂಜೆ ಮೈಯಿಂದ ಮಾಡುವ ಕೆಲಸ. ಷೋಡಶೋಪಚಾರದ ಕೊನೆಗೆ ಪ್ರದಕ್ಷಿಣೆ ಮತ್ತು ನಮಸ್ಕಾರ ಬರುತ್ತವೆ. ಗಂಡಸರು ಸಾಷ್ಟಾಂಗ, ಹೆಂಗಸರು ಪಂಚಾಂಗ ನಮಸ್ಕಾರ ಹಾಕುತ್ತಾರೆ. ಮನೆಯಲ್ಲಿ ಜಾಗ ಸಾಲದಿದ್ದರೆ ನಿಂತಲ್ಲೇ ಸುತ್ತಿ ಆತ್ಮಪ್ರದಕ್ಷಿಣೆ ಮಾಡುವ ರೂಢಿಯಿದೆ. ತಲೆಸುತ್ತು ಇರುವವರಿಗೆ ಅತ್ಯಂತ ಅಪಾಯದ ಚಲನೆ ಇದೇ. ತೀರ್ಥ ತೆಗೆದುಕೊಳ್ಳುವಾಗ ತಲೆ ಹಿಂದಕ್ಕೆ ವಾಲುತ್ತದೆ, ಶಠಾರಿಗೆ ಮುಂದಕ್ಕೆ ಬಾಗುತ್ತದೆ, ಗೋಪುರ ನೋಡಲು ಮೇಲಕ್ಕೆ ಏಳುತ್ತದೆ. ಕಣ್ಣು ಮುಚ್ಚಿ ನಿಂತು ಪ್ರಾರ್ಥಿಸಿದರೆ ಸಮತೋಲದ ಒಂದು ಆಧಾರವೇ ತಪ್ಪುತ್ತದೆ. ಏಕಾದಶಿಯ ನಿರ್ಜಲ ಉಪವಾಸ ರಕ್ತದೊತ್ತಡವನ್ನು ಇನ್ನಷ್ಟು ಇಳಿಸಬಲ್ಲದು.

ಊರಿನ ಗುಡಿಗಳಿಗೂ ಅವುಗಳದೇ ಕಷ್ಟಗಳಿವೆ. ಗವಿಪುರದ ಗವಿಗಂಗಾಧರೇಶ್ವರನ ಗುಹೆಯಲ್ಲಿ ಪ್ರದಕ್ಷಿಣೆಯ ದಾರಿ ತಗ್ಗಾಗಿದ್ದು ಬೆನ್ನು ಬಾಗಿಸಿಯೇ ಸಾಗಬೇಕು. ಬಸವನಗುಡಿಯ ದೊಡ್ಡ ಬಸವಣ್ಣ ಗುಡ್ಡದ ಮೇಲಿದ್ದಾನೆ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯಲ್ಲಿ ಬುಲ್ ಟೆಂಪಲ್ ರಸ್ತೆಯ ತುಂಬ ಜನ ಹರಿಯುತ್ತಾರೆ. ಸುತ್ತಲೂ ಚಲಿಸುವ ಗುಂಪಿನ ನಡುವೆ ತಲೆಸುತ್ತು ಹೆಚ್ಚುವುದು ಈ ರೋಗಿಗಳ ಸಾಮಾನ್ಯ ಅನುಭವ. ಮಲ್ಲೇಶ್ವರದ ಕಾಡುಮಲ್ಲೇಶ್ವರನ ಎದುರಿನ ನಂದಿತೀರ್ಥದಲ್ಲಿ ಕಲ್ಯಾಣಿಗೆ ಮೆಟ್ಟಿಲಿಳಿಯಬೇಕು. ಚಾಮರಾಜಪೇಟೆಯ ಮಸೀದಿಗಳಲ್ಲಿ ನಮಾಜು ಮಾಡುವವರಿಗೆ ರುಕೂವಿನಲ್ಲಿ ಬಾಗುವುದು, ಸಜ್ದಾದಲ್ಲಿ ಹಣೆ ನೆಲಕ್ಕಿಡುವುದು ಇದೇ ತೊಡಕನ್ನು ತರುತ್ತದೆ.

ನಿತ್ಯ ಮತ್ತು ಕಾಮ್ಯ

ಜೈಮಿನಿಯ ಮೀಮಾಂಸಾ ಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದ ಈ ಚರ್ಚೆಗೆ ನೇರವಾಗಿ ಸೇರುತ್ತದೆ. ಅಗ್ನಿಹೋತ್ರದಂಥ ಕರ್ಮವನ್ನು ಬದುಕಿರುವವರೆಗೂ ಮಾಡಬೇಕೆಂದು ವೇದ ವಿಧಿಸುತ್ತದೆ. ಎಲ್ಲ ಅಂಗಗಳನ್ನೂ ಪ್ರತಿಸಲ ಪೂರೈಸಲಾಗದವನು ಏನು ಮಾಡಬೇಕು? ಮೀಮಾಂಸಕರ ಉತ್ತರ ಹೀಗಿದೆ. ಜೀವನವಿಡೀ ಮಾಡಬೇಕಾದ ಕರ್ಮವನ್ನು ಪ್ರತಿದಿನವೂ ಸರ್ವಾಂಗ ಸಂಪೂರ್ಣವಾಗಿ ನಡೆಸುವುದು ಯಾರಿಂದಲೂ ಆಗದು. ಆಗದ್ದನ್ನು ವೇದ ಆಜ್ಞಾಪಿಸುವುದಿಲ್ಲ. ಆದ್ದರಿಂದ ಪ್ರಧಾನವನ್ನು ಬಿಡಬಾರದು, ಅಂಗಗಳನ್ನು ಶಕ್ತಿಯಿದ್ದಷ್ಟು ಮಾಡಿದರೆ ಸಾಕು. ಫಲ ಬಯಸಿ ಮಾಡುವ ಕಾಮ್ಯಕರ್ಮದ ಮಾತು ಬೇರೆ. ಅಲ್ಲಿ ಎಲ್ಲ ಅಂಗಗಳೂ ಸೇರಿದರಷ್ಟೇ ಫಲ. ಪೂರೈಸಲಾಗದವನು ಅದಕ್ಕೆ ಕೈಹಾಕಬಾರದು.

ಈ ವಿಂಗಡಣೆಯ ಬೆಳಕಿನಲ್ಲಿ ರೋಗಿಯ ಅಳುಕಿಗೆ ಆಧಾರ ಉಳಿಯುವುದಿಲ್ಲ. ದಿನದ ಪೂಜೆ, ಸಂಧ್ಯಾವಂದನೆ ನಿತ್ಯದ ಸಾಲಿಗೆ ಸೇರಿದವು. ಕೂತು ಕೈಮುಗಿದರೆ ಅದು ಅಂಗ ಕಡಿಮೆಯಾದ ಕರ್ಮ, ಕರ್ಮಲೋಪವಲ್ಲ. ಉಪವಾಸದ ನಿಯಮದಲ್ಲಿಯೂ ಧರ್ಮಶಾಸ್ತ್ರ ಮಕ್ಕಳು, ಮುದುಕರು, ರೋಗಿಗಳಿಗೆ ಸಡಿಲಿಕೆ ಕೊಟ್ಟಿದೆ. ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗದಲ್ಲಿ ಬ್ರಹ್ಮಚಾರಿಯ ವೇಷದ ಶಿವ ತಪಸ್ಸಿಗೆ ಕೂತ ಪಾರ್ವತಿಯ ಬಳಿ, ತನ್ನ ಶಕ್ತಿಯನ್ನು ಅರಿತೇ ತಪಸ್ಸು ಮಾಡುತ್ತಿದ್ದಾಳೆಯೇ ಎಂದು ವಿಚಾರಿಸುತ್ತಾನೆ. ಧರ್ಮಸಾಧನೆಗೆ ದೇಹವೇ ಮೊದಲ ಉಪಕರಣ ಎಂಬುದು ಅವನು ಕೊಡುವ ಕಾರಣ. ಹೊಲಿಗೆ ಮಾಯುವ ಮುನ್ನ ನೆಲಕ್ಕೆ ಅಡ್ಡಬೀಳುವವರು ಆ ಉಪಕರಣವನ್ನೇ ಕೆಡಿಸಿಕೊಳ್ಳುತ್ತಾರೆ.

ಸಂಪ್ರದಾಯಗಳ ದಾರಿ

ಬೇರೆ ಬೇರೆ ಸಂಪ್ರದಾಯಗಳು ಇದೇ ತೀರ್ಮಾನಕ್ಕೆ ತಮ್ಮ ದಾರಿಯಿಂದ ಬಂದಿವೆ. ಸ್ಮಾರ್ತರಲ್ಲಿ ಮಾನಸಪೂಜೆಗೆ ಗೌರವದ ಸ್ಥಾನವಿದೆ. ಆಸನದಿಂದ ನಮಸ್ಕಾರದವರೆಗಿನ ಪ್ರತಿಯೊಂದು ಉಪಚಾರವನ್ನೂ ಮನಸ್ಸಿನಲ್ಲೇ ಸಲ್ಲಿಸುವ ಈ ಕ್ರಮ ಕೈಲಾಗದವರ ಪರ್ಯಾಯವಷ್ಟೇ ಅಲ್ಲ. ಗಟ್ಟಿಮುಟ್ಟಾದವರೂ ಇದನ್ನು ಸಾಧನೆಯಾಗಿ ಮಾಡುತ್ತಾರೆ.

ಶ್ರೀವೈಷ್ಣವರ ಪ್ರಪತ್ತಿಯಲ್ಲಿ ಅಸಹಾಯಕತೆಯೇ ಅರ್ಹತೆ. ಬೇರೆ ಉಪಾಯಗಳಿಗೆ ತನ್ನಲ್ಲಿ ಶಕ್ತಿಯಿಲ್ಲವೆಂದು ಅರಿತವನೇ ಶರಣಾಗತಿಗೆ ತಕ್ಕವನು. ಅವರು ಬಹಳವಾಗಿ ಆದರಿಸುವ ವರಾಹ ಚರಮಶ್ಲೋಕದ ತಾತ್ಪರ್ಯವೂ ಇಲ್ಲಿ ಸಲ್ಲುತ್ತದೆ: ಮೈ ಮನಸ್ಸು ನೆಟ್ಟಗಿದ್ದಾಗ ಸ್ಮರಿಸಿದ ಭಕ್ತನನ್ನು, ಅವನು ಕಟ್ಟಿಗೆಯಂತೆ ಬಿದ್ದ ಕಾಲಕ್ಕೆ ಭಗವಂತನೇ ಸ್ಮರಿಸಿಕೊಳ್ಳುತ್ತಾನೆ.

ವೀರಶೈವ ಲಿಂಗಾಯತರ ಪೂಜೆಯ ವಿನ್ಯಾಸವೇ ಬೇರೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು, ಕೂತು, ದೃಷ್ಟಿ ನೆಟ್ಟು ಪೂಜಿಸುವ ಕ್ರಮದಲ್ಲಿ ಬಾಗುವ, ಸುತ್ತುವ ಅಗತ್ಯವಿಲ್ಲ. ದೇಹವನ್ನೇ ದೇಗುಲವಾಗಿ ಕಂಡ ಹನ್ನೆರಡನೆಯ ಶತಮಾನದ ಶರಣರ ದೃಷ್ಟಿಯಲ್ಲಿ ರೋಗಿಯ ಮೈಯೂ ದೇಗುಲವೇ. ಇಸ್ಲಾಮಿನ ನಿಯಮ ಇನ್ನೂ ನೇರವಾಗಿದೆ. ನಿಂತು ನಮಾಜು ಮಾಡಲಾಗದವರು ಕೂತು ಮಾಡಬೇಕು, ಕೂರಲಾಗದವರು ಮಗ್ಗುಲಾಗಿ ಮಲಗಿ ಮಾಡಬೇಕು ಎಂದು ಪ್ರವಾದಿಯವರು ಕಾಯಿಲೆಯಲ್ಲಿದ್ದ ಅನುಯಾಯಿಯೊಬ್ಬರಿಗೆ ಹೇಳಿದ ಪ್ರಸಂಗ ಹದೀಸಿನಲ್ಲಿದೆ. ಬಾಗಲಾಗದಿದ್ದರೆ ತಲೆಯ ಸನ್ನೆ ಸಾಕು.

ತಿರುಗುವ ಲೋಕ ಮತ್ತು ತಿಳಿವಳಿಕೆ

ತಲೆಸುತ್ತು ಆಚರಣೆಯ ಜೊತೆಗೆ ಅರಿವಿನ ಪ್ರಶ್ನೆಯನ್ನೂ ಎತ್ತುತ್ತದೆ. ಗೋಡೆ ತಿರುಗುತ್ತಿಲ್ಲವೆಂದು ರೋಗಿಗೆ ಚೆನ್ನಾಗಿ ಗೊತ್ತು, ಆದರೂ ಅದು ತಿರುಗುತ್ತದೆ. ಶಂಕರಾಚಾರ್ಯರು ಗೀತೆಯ ನಾಲ್ಕನೆಯ ಅಧ್ಯಾಯದ ಭಾಷ್ಯದಲ್ಲಿ ದೋಣಿಯಲ್ಲಿ ಕೂತವನಿಗೆ ದಡದ ಮರಗಳು ಹಿಂದಕ್ಕೆ ಓಡುವಂತೆ ಕಾಣುವುದನ್ನು ಉದಾಹರಿಸುತ್ತಾರೆ. ಬ್ರಹ್ಮಸೂತ್ರಭಾಷ್ಯದಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಚಂದ್ರ ಒಬ್ಬನೇ ಎಂದು ತಿಳಿದ ಮೇಲೂ ಕಣ್ಣಿನ ದೋಷವಿರುವವನಿಗೆ ಎರಡು ಚಂದ್ರ ಕಾಣುತ್ತಲೇ ಇರಬಹುದು. ಹಾಗೆಯೇ ಜ್ಞಾನ ಬಂದವನಲ್ಲಿಯೂ ಪ್ರಾರಬ್ಧ ಮುಗಿಯುವವರೆಗೆ ದೇಹದ ವ್ಯಾಪಾರ ಮುಂದುವರಿಯುತ್ತದೆ. ಇದರಿಂದ ಹೊರಡುವ ಮಾತು ಮುಖ್ಯವಾದದ್ದು: ದೇಹದ ಬಾಧೆ ಅಜ್ಞಾನದ ಗುರುತಲ್ಲ, ಭಕ್ತಿಯ ಕೊರತೆಯ ಗುರುತೂ ಅಲ್ಲ. ಬಸವನಗುಡಿಯ ರಾಮಕೃಷ್ಣ ಮಠದಲ್ಲಿ ಪೂಜೆಗೊಳ್ಳುವ ರಾಮಕೃಷ್ಣ ಪರಮಹಂಸರು ಗಂಟಲಿನ ಕ್ಯಾನ್ಸರಿನಿಂದ ನರಳಿ 1886ರಲ್ಲಿ ದೇಹಬಿಟ್ಟರು. ಅವರ ಸಿದ್ಧಿಯನ್ನು ಆ ರೋಗದಿಂದ ಯಾರೂ ಅಳೆಯುವುದಿಲ್ಲ.

ಮಧ್ವಾಚಾರ್ಯರ ವಿವರಣೆ ಬೇರೆ ದಿಕ್ಕಿನದು. ಅವರ ಪ್ರಕಾರ ಇಂದ್ರಿಯಗಳು ದೋಷದಿಂದ ತಪ್ಪು ತೋರಿಸಬಹುದು. ಆದರೆ ಸುಖದುಃಖಗಳನ್ನು ನೇರವಾಗಿ ಅರಿಯುವ ಸಾಕ್ಷಿ ತಪ್ಪುವುದಿಲ್ಲ. ಗೋಡೆ ತಿರುಗಿದ್ದು ಸುಳ್ಳು, ಸಂಕಟ ಮಾತ್ರ ನಿಜ. ಹೊರಗೆ ಗಾಯ ಕಾಣದ ಈ ಕಾಯಿಲೆಯಲ್ಲಿ ರೋಗಿಯ ಮಾತನ್ನು ಮನೆಯವರು ನಂಬಬೇಕಾದ ಕಾರಣವನ್ನು ಈ ಸಿದ್ಧಾಂತ ಚೆನ್ನಾಗಿ ಒದಗಿಸುತ್ತದೆ.

ಸ್ಥಿರತೆಯ ಅರ್ಥ

ಗೀತೆಯ ಸ್ಥಿತಪ್ರಜ್ಞ ಅಲುಗಾಡದೆ ಕೂತವನಲ್ಲ. ಅರ್ಜುನ ಅವನ ಮಾತು, ಕೂರುವಿಕೆ, ನಡೆ ಹೇಗಿರುತ್ತದೆಂದು ಕೇಳುತ್ತಾನೆ. ಉತ್ತರವಾಗಿ ಕೃಷ್ಣ ವಿವರಿಸುವುದು ಸುಖದುಃಖಗಳಲ್ಲಿ ಕದಡದ ಬುದ್ಧಿಯನ್ನು. ಬಸವನಗುಡಿಯಲ್ಲಿ ಬಾಳಿ, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ ಡಿ.ವಿ.ಜಿ. ತಮ್ಮ ಗೀತಾವ್ಯಾಖ್ಯಾನಕ್ಕೆ ಜೀವನಧರ್ಮಯೋಗ ಎಂದು ಹೆಸರಿಟ್ಟರು. ಅದಕ್ಕೆ 1967ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬದುಕಿನ ನಡುವೆಯೇ ಯೋಗ ಎಂಬ ಆ ದೃಷ್ಟಿ ಚೇತರಿಕೆಯ ದಿನಗಳಿಗೂ ಒಪ್ಪುತ್ತದೆ. ಪತಂಜಲಿ ಆಸನಕ್ಕೆ ಸ್ಥಿರತೆಯ ಜೊತೆಗೆ ಸುಖವನ್ನೂ ಲಕ್ಷಣವಾಗಿ ಹೇಳಿದ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕುರ್ಚಿ, ಗೋಡೆ, ಹಗ್ಗ, ಮರದ ದಿಮ್ಮಿಗಳ ಆಸರೆ ತಂದು ದುರ್ಬಲರಿಗೂ ಆಸನವನ್ನು ಎಟುಕಿಸಿದರು. ಆಸರೆ ಪಡೆದ ಆಸನವೂ ಆಸನವೇ. ವಾಕರ್ ಹಿಡಿದು ದೇವರ ಮನೆಗೆ ಬಂದವರ ಪೂಜೆಗೂ ಈ ಮಾತು ಸಲ್ಲುತ್ತದೆ.

ನಡೆಸುವ ಕ್ರಮ ಮತ್ತು ಹರಕೆ

ಆಚರಣೆಯನ್ನು ಹೊಂದಿಸಿಕೊಳ್ಳುವುದು ಕಷ್ಟವಲ್ಲ. ಏಳುವಾಗ ಇಡೀ ಮೈಯನ್ನು ಒಟ್ಟಿಗೆ ಮಗ್ಗುಲಾಗಿಸಿ, ಮಂಚದಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ನೀರು ಕುಡಿದು, ಬಳಿಕ ನಿಲ್ಲಬೇಕು. ಪೂಜೆಗೆ ಕೈಯಿರುವ ಕುರ್ಚಿ ಒಳ್ಳೆಯದು. ದೇವರ ಪಟವನ್ನು ಕಣ್ಣಿನ ಮಟ್ಟಕ್ಕೆ ತಂದರೆ ಕತ್ತು ಎತ್ತುವ, ತಗ್ಗಿಸುವ ಕೆಲಸ ತಪ್ಪುತ್ತದೆ. ಜಪ ಧ್ಯಾನಗಳನ್ನು ಕಣ್ಣು ತೆರೆದು, ದೀಪದ ಮೇಲೆ ದೃಷ್ಟಿಯಿಟ್ಟು ಮಾಡಬಹುದು. ತೀರ್ಥವನ್ನು ಸಣ್ಣ ಲೋಟದಲ್ಲಿ ಕುಡಿಯಬಹುದು, ಪ್ರದಕ್ಷಿಣೆಯನ್ನು ಮನಸ್ಸಿನಲ್ಲಿ ಬರಬಹುದು. ಗುಡಿಗೆ ಹೋಗುವುದಾದರೆ ಜನ ಕಡಿಮೆಯಿರುವ ಹೊತ್ತು ಆರಿಸಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬೇಕು.

ಉಳಿಯುವುದು ಹರಕೆ. ಆಪರೇಷನ್ ಸರಿಹೋದರೆ ಇಷ್ಟು ಪ್ರದಕ್ಷಿಣೆ ಬರುತ್ತೇನೆ, ಉರುಳುಸೇವೆ ಮಾಡುತ್ತೇನೆ ಎಂದು ಎಷ್ಟೋ ಮನೆಗಳಲ್ಲಿ ಹೊತ್ತುಕೊಳ್ಳುತ್ತಾರೆ. ಇದು ಕಾಮ್ಯದ ಜಾತಿಗೆ ಸೇರಿದ್ದರಿಂದ ಅರೆಬರೆಯಾಗಿ ತೀರಿಸಹೋಗುವುದು ಮೀಮಾಂಸೆಯ ದೃಷ್ಟಿಯಿಂದಲೂ ತಪ್ಪು, ವೈದ್ಯದ ದೃಷ್ಟಿಯಿಂದಲೂ ತಪ್ಪು. ಮೂಳೆ ಕೂಡಿ, ತಲೆಸುತ್ತು ನಿಂತು, ಶಸ್ತ್ರಚಿಕಿತ್ಸಕರು ಒಪ್ಪುವವರೆಗೆ ಅದನ್ನು ಮುಂದಕ್ಕೆ ಹಾಕುವುದೇ ಸರಿ. ಮೈ ಎಂದಿಗೂ ಒಪ್ಪದಂತಾದರೆ ಮನೆಯವರು ಅವರ ಪರವಾಗಿ ಸೇವೆ ನಡೆಸುವ, ಇಲ್ಲವೇ ಅನ್ನದಾನದಂಥ ಬೇರೆ ಸೇವೆಯಿಂದ ತೀರಿಸುವ ರೂಢಿ ಇದೆ. ಹೊಸದಾಗಿ ಹರಕೆ ಹೊರುವವರು ಮೈಗೆ ದಂಡನೆಯಾಗದ ಸೇವೆಯನ್ನು ಆರಿಸಿಕೊಳ್ಳುವುದು ಮೇಲು.