ಗೇರ್‌ಬಾಕ್ಸ್ ಬದಲಾದರೆ ಕಾರು ಅದೇನಾ?

ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಎಂಜಿಬಿ ಅನ್ನೋ ಪುಟ್ಟ ಸ್ಪೋರ್ಟ್ಸ್ ಕಾರು ತಯಾರಾಗ್ತಿತ್ತು. ಮೊದಲ ವರ್ಷಗಳ ಕಾರುಗಳಿಗೆ ನಾಲ್ಕೇ ಗೇರು, ಅದರಲ್ಲೂ ಫಸ್ಟ್ ಗೇರಿಗೆ ಸಿಂಕ್ರೊಮೆಶ್ ಇರಲಿಲ್ಲ. ಅಂದರೆ ಬೇರೆ ಬೇರೆ ವೇಗದಲ್ಲಿ ತಿರುಗುವ ಭಾಗಗಳನ್ನು ತಾನಾಗೇ ಒಂದೇ ವೇಗಕ್ಕೆ ತರುವ ಏರ್ಪಾಡು ಇಲ್ಲ. ಕಾರು ಪೂರ್ತಿ ನಿಂತ ಮೇಲೆ ಫಸ್ಟ್ ಹಾಕಬೇಕು. ಚಲಿಸುವಾಗಲೇ ಬೇಕು ಅಂದರೆ ಕ್ಲಚ್ ಎರಡು ಸಲ ಒತ್ತಿ, ನಡುವೆ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒಂಚೂರು ಕೊಟ್ಟು, ಕಿವಿಯಿಂದಲೇ ಲೆಕ್ಕ ಹಾಕಬೇಕು. ತಪ್ಪಿದರೆ 'ಕರ್ರ್' ಅಂತ ಹಲ್ಲು ಕಡಿಯೋ ಸದ್ದು!

ಇವತ್ತು ಈ ಕಾರು ಇಟ್ಟುಕೊಂಡಿರುವ ಹಲವರು ಹಳೇ ಗೇರ್‌ಬಾಕ್ಸ್ ಇಳಿಸಿ, ಫೋರ್ಡ್ ಸಿಯೆರಾದಲ್ಲಿ ಬರ್ತಿದ್ದ 'ಟೈಪ್ 9' ಅನ್ನೋ ಐದು ಗೇರಿನದನ್ನು ಕೂರಿಸ್ತಾರೆ. ಅದಕ್ಕೆಂದೇ ಕಿಟ್‌ಗಳೂ ಸಿಗುತ್ತವೆ. ಕಾರಣ ಸರಳ. ಗಂಟೆಗೆ 112 ಕಿ.ಮೀ. ವೇಗದಲ್ಲಿ ಹಳೇ ನಾಲ್ಕನೇ ಗೇರಿನಲ್ಲಿ ಎಂಜಿನ್ ಸುಮಾರು 3,900 ಆರ್‌ಪಿಎಂನಲ್ಲಿ ಕಿರುಚುತ್ತೆ. ಐದನೇ ಗೇರ್ ಇದ್ದರೆ ಅದೇ ವೇಗಕ್ಕೆ ಸುಮಾರು 3,200 ಸಾಕು. ಈಗಿನ ಹೆದ್ದಾರಿಯಲ್ಲಿ ಪಕ್ಕದಲ್ಲಿ ಕೂತವರ ಮಾತು ಕೇಳಿಸಬೇಕಲ್ಲ!

ಇದಕ್ಕೆ ಸಿಡಿಮಿಡಿಗೊಳ್ಳುವವರೂ ಇದ್ದಾರೆ. 'ಇನ್ನು ಅದು ಎಂಜಿಬಿ ಹೇಗಾಗುತ್ತೆ?' ಅಂತಾರೆ.

ಈ ಪ್ರಶ್ನೆ ಬಂದ ಕೂಡಲೇ ನಮಗೆ ಥೀಸಿಯಸ್‌ನ ಹಡಗು ನೆನಪಾಗುತ್ತೆ. ಹಲಗೆಗಳನ್ನೆಲ್ಲ ಒಂದೊಂದಾಗಿ ಬದಲಿಸಿದರೂ ಅದು ಅದೇ ಹಡಗಾ ಅಂತ ಗ್ರೀಕರು ವಾದ ಮಾಡ್ತಿದ್ದರಂತೆ. ಆದರೆ ಅಲ್ಲಿ ಹಲಗೆ ಹೋದ ಜಾಗಕ್ಕೆ ಅಂಥದ್ದೇ ಹಲಗೆ ಬಂತು. ಇಲ್ಲಿ ಬಂದಿರೋದು ಬೇರೆ ಥರದ್ದು. ಕಾರಿನ ಹೊರರೂಪ ಹಾಗೇ ಇದೆ, ಬದಲಾಗಿರೋದು ಓಡಿಸುವವನ ಕೈ, ಕಾಲು, ಕಿವಿಗಳ ಕೆಲಸ. ಹಳೇ ಪೆಟ್ಟಿಗೆ ಕೇಳುತ್ತಿದ್ದ ತಾಳ್ಮೆಯನ್ನು ಹೊಸದು ಕೇಳಲ್ಲ. ಹಾಗಾಗಿ ನಾವು ಕಳೆದುಕೊಳ್ಳೋದು ಕಬ್ಬಿಣ ಮಾತ್ರ ಅಲ್ಲ, ಒಂದು ಕೌಶಲ ಕೂಡ. ಸಿಡಿಮಿಡಿಗೊಳ್ಳುವವರ ಮಾತಲ್ಲಿ ಇಷ್ಟಂತೂ ನಿಜ ಇದೆ.

ಆದರೆ ಇನ್ನೊಂದು ಮುಖವನ್ನೂ ನೋಡಿ. 1962ರ ಚಾಲಕ ಎರಡು ಸಲ ಕ್ಲಚ್ ಒತ್ತಿದ್ದು ಕೌಶಲದ ಮೇಲಿನ ಪ್ರೀತಿಯಿಂದ ಅಲ್ಲ, ಬೇರೆ ದಾರಿ ಇರಲಿಲ್ಲ ಅಂತ. ಹೆದ್ದಾರಿ ಓಟ ಹಗುರಾಗಲಿ ಅಂತ ಕಂಪನಿಯೇ ಹೆಚ್ಚುವರಿ ದುಡ್ಡಿಗೆ ಓವರ್‌ಡ್ರೈವ್ ಕೊಡ್ತಿತ್ತು. 1967ರಲ್ಲಿ ಫಸ್ಟ್ ಗೇರಿಗೂ ಸಿಂಕ್ರೊಮೆಶ್ ಹಾಕಿತು. ಮಾಡಿದವರೇ ಪವಿತ್ರ ಅಂದುಕೊಳ್ಳದ ಕಷ್ಟವನ್ನು ನಾವು ಪೂಜೆಗಿಡೋದು ಎಷ್ಟು ಸರಿ? ವಾರವಿಡೀ ಆಟೋಮ್ಯಾಟಿಕ್ ಕಾರಿನಲ್ಲಿ ಆಫೀಸಿಗೆ ಹೋಗಿ, ಭಾನುವಾರ ಹಳೇ ಗೇರಿನ ಕಷ್ಟವನ್ನು ಕೊಂಡಾಡುವುದು ಅನುಕೂಲಸ್ಥರ ಶೋಕಿಯೂ ಆಗಬಹುದು. ಮೂಲ ಕೆಡಬಾರದು ಅಂತ ಹೊದಿಕೆ ಹೊದಿಸಿ ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿಗಿಂತ, ಫೋರ್ಡ್ ಗೇರ್‌ಬಾಕ್ಸ್ ಹಾಕಿಸಿಕೊಂಡು ಊರೂರು ಸುತ್ತುವ ಕಾರು ಹೆಚ್ಚು ಬದುಕಿದೆ ಅಂತ ನನಗನಿಸುತ್ತೆ.

ಹಾಗಂತ ನನ್ನ ಕಾರು, ನನ್ನಿಷ್ಟ ಅನ್ನೋಕಾಗುತ್ತಾ? ಪೂರ್ತಿ ಇಲ್ಲ. ಅರವತ್ತು ವರ್ಷ ಬಾಳಿದ ವಸ್ತು ನಮಗಿಂತ ಮೊದಲು ಬೇರೆಯವರ ಕೈಯಲ್ಲಿತ್ತು, ನಮ್ಮ ನಂತರವೂ ಇನ್ಯಾರದೋ ಕೈ ಸೇರುತ್ತೆ. ನಮ್ಮ ಪಾಲಿಗೆ ಬಂದಿರೋದು ನಡುವಿನ ಕೆಲವು ವರ್ಷ ಅಷ್ಟೇ. ಹಾಗಾಗಿ 'ಬದಲಿಸಬಹುದಾ' ಅನ್ನೋದಕ್ಕಿಂತ 'ಮುಂದಿನವರು ಇದನ್ನು ಹಿಂದಕ್ಕೆ ತರಬಹುದಾ' ಅನ್ನೋದೇ ನನಗೆ ಸರಿಯಾದ ಪ್ರಶ್ನೆ ಅನಿಸುತ್ತೆ. ಬೋಲ್ಟ್ ಬಿಚ್ಚಿ ಕೂರಿಸಿದ್ದನ್ನು ಬೋಲ್ಟ್ ಬಿಚ್ಚಿಯೇ ತೆಗೆಯಬಹುದು. ಜಾಗ ಸಾಲದು ಅಂತ ಬಾಡಿಯ ತಗಡನ್ನೇ ಕತ್ತರಿಸಿದರೆ, ನಂತರದವರ ಆಯ್ಕೆಯನ್ನೂ ನಾವೇ ಕತ್ತರಿಸಿದ ಹಾಗೆ.

ಹಾಗಾಗಿ ಬದಲಿಸುವವರ ಮೇಲೆ ಮೂರು ಋಣ ಇದೆ ಅಂತೀನಿ. ತಗಡು ಕತ್ತರಿಸಬೇಡಿ. ಹಳೇ ಗೇರ್‌ಬಾಕ್ಸನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ, ಸುತ್ತಿ ಎತ್ತಿಡಿ. ಮಾರುವಾಗ ಏನು ಬದಲಿಸಿದ್ದೀರಿ ಅಂತ ಬರೆದುಕೊಡಿ, ಅದರಿಂದ ಬೆಲೆ ಕಮ್ಮಿಯಾದರೂ ಸರಿ. ಮೂರರಲ್ಲಿ ಕಷ್ಟದ್ದು ಕೊನೆಯದೇ, ಯಾಕೆಂದರೆ ಅದಕ್ಕೆ ಸ್ಪ್ಯಾನರ್ ಸಾಲಲ್ಲ.