ಮದುವೆಯ ತುದಿಯನ್ನು ಹಿಡಿಯಿರಿ

‘ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು.’ ಈ ಗಾದೆ ಈಚೆಗೆ ನನಗೆ ಮತ್ತೆ ಮತ್ತೆ ನೆನಪಾಗುತ್ತಿದೆ. ಕುಡಿತ ಬಿಡಲು ಒದ್ದಾಡುತ್ತಿರುವ ಯಾರನ್ನಾದರೂ ಎ.ಎ. (ಆಲ್ಕೋಹಾಲಿಕ್ಸ್ ಅನಾನಿಮಸ್) ಎಂಬ, ಕುಡಿತ ಬಿಡಬಯಸುವವರೇ ಸೇರುವ ಕೂಟದ ಮೀಟಿಂಗಿಗೆ ಕರೆದು ನೋಡಿ. “ಮೊದಲು ನಾಲ್ಕು ದಿನ ಬಿಟ್ಟು ತೋರಿಸ್ತೀನಿ, ಆಮೇಲೆ ಬರ್ತೀನಿ” ಎನ್ನುತ್ತಾರೆ. ನನ್ನ ಹೆಂಡತಿಯ ತಮ್ಮನೂ ಇದನ್ನೇ ಹೇಳುತ್ತಿದ್ದ. “ಬಾಯಿ ವಾಸನೆ ಹೊಡೀತಾ ಹೋದ್ರೆ ಅಲ್ಲಿರೋರು ಏನಂದ್ಕೊಳ್ತಾರೆ ಭಾವ?” ಬಿಟ್ಟ ಮೇಲೆ ಹೋಗುತ್ತೇನೆ ಎನ್ನುವುದು, ಹೋಗದೆ ಬಿಡಲಾರದೆ ಮತ್ತೆ ಬಾರಿಗೆ ನುಗ್ಗುವುದು. ಎಷ್ಟೋ ವರ್ಷ ಹೀಗೇ ಕಳೆದವು.

ಗಾದೆಯನ್ನು ಬಿಡಿಸಲಾಗದ ಕಗ್ಗಂಟು ಎಂದು ಹೇಳಿ ನಕ್ಕು ಸುಮ್ಮನಾಗುವವರೇ ಹೆಚ್ಚು. ಅವರ ಜೊತೆ ನನಗೆ ಜಗಳವಿಲ್ಲ. ಜಗಳವಿರುವುದು ಗಾದೆಯನ್ನು ಇದ್ದಹಾಗೇ ನಂಬಿ, “ಮದುವೆ ಮಾಡಿ, ಜವಾಬ್ದಾರಿ ಬಂದ್ರೆ ತಾನೇ ಸರಿಹೋಗ್ತಾನೆ” ಎಂದು ಕುಡುಕ ಮಗನಿಗೆ ಹೆಣ್ಣು ತರುವ ಹಿರಿಯರ ಜೊತೆ. ಕುಡಿತದ ಚಟ ಒಂದು ಕಾಯಿಲೆ. ಯಾರದೋ ಮನೆಯ ಮಗಳನ್ನು ತಂದು ಅದಕ್ಕೆ ಔಷಧಿ ಮಾಡುವುದು ಅನ್ಯಾಯ, ಬೇರೆ ಮಾತಿಲ್ಲ.

ನಾನು ಗಾದೆಯನ್ನು ಓದುವುದು ಹೀಗೆ: ಹುಚ್ಚು ಎಂದರೆ ಕುಡಿತ, ಮದುವೆ ಎಂದರೆ ಮೀಟಿಂಗಿಗೆ ಹೋಗಿ ಕೂರುವುದು. ಈ ಎರಡು ತುದಿಗಳು ಒಂದೇ ತೂಕದವಲ್ಲ. ಹುಚ್ಚು ಬಿಡುವುದು ಹುಚ್ಚನ ಕೈಯಲ್ಲಿಲ್ಲ. ಅದಕ್ಕೆ ಮುಹೂರ್ತ ಇಡಲು ಯಾರಿಂದಲೂ ಆಗದು. ಮದುವೆಗೆ ಇಡಬಹುದು. ಅದು ಹತ್ತು ಜನ ಸೇರಿ ನಡೆಸುವ ಕಾರ್ಯ. ದಿನ ಗೊತ್ತುಮಾಡಿ, ಚಪ್ಪರ ಹಾಕಿ, ಕೈಹಿಡಿದು ಕರೆತಂದು ಕೂರಿಸಬಹುದು. ಹಿಡಿಯಲು ಸಿಗುವ ತುದಿ ಅದೊಂದೇ. ಅದನ್ನು ಹಿಡಿಯಿರಿ, ಹುಚ್ಚು ಇದ್ದರೂ ಇರಲಿ.

ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದೇ ಹೀಗೆ. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ವ್ಯವಹಾರವೊಂದರಲ್ಲಿ ಸೋತು ಓಹಾಯೋ ರಾಜ್ಯದ ಆಕ್ರಾನ್‌ನ ಹೋಟೆಲಿನಲ್ಲಿ ನಿಂತಿದ್ದ. ಕುಡಿತ ಬಿಟ್ಟು ಐದು ತಿಂಗಳಾಗಿತ್ತು, ಪಕ್ಕದಲ್ಲೇ ಬಾರ್ ಕರೆಯುತ್ತಿತ್ತು. ಇನ್ನೊಬ್ಬ ಕುಡುಕನ ಜೊತೆ ಮಾತಾಡಿದರೆ ಮಾತ್ರ ತಾನು ಉಳಿದೇನು ಎನಿಸಿ, ಊರಿನ ಚರ್ಚಿನವರಿಗೆ ಫೋನ್ ಮಾಡುತ್ತಾ ಹೋದ. ಹಾಗೆ ಸಿಕ್ಕವರು ಶಸ್ತ್ರವೈದ್ಯ ಬಾಬ್ ಸ್ಮಿತ್. ಹೆಂಡತಿಗೆಂದು ಹೂಕುಂಡ ತಂದು ಮೇಜಿನ ಮೇಲಿಟ್ಟು, ತಾವು ಕುಡಿದು ಪ್ರಜ್ಞೆಯಿಲ್ಲದೆ ಮಲಗಿದ್ದವರು. ಮರುದಿನ, ಮೇ 12ರ ಸಂಜೆ, ಮೈ ನಡುಗುತ್ತಿರುವಾಗಲೇ ಬಿಲ್‌ನನ್ನು ಕಾಣಲು ಬಂದರು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದು ಮೊದಲೇ ಹೇಳಿದ್ದವರು ರಾತ್ರಿ ಹನ್ನೊಂದು ದಾಟಿದರೂ ಏಳಲಿಲ್ಲ. ಅದಾದ ಮೇಲೂ ಅಟ್ಲಾಂಟಿಕ್ ಸಿಟಿಯ ವೈದ್ಯರ ಸಮ್ಮೇಳನಕ್ಕೆ ಹೋಗಿ ಮತ್ತೆ ಕುಡಿದರು. ಅವರ ಕೊನೆಯ ಕುಡಿತ ಜೂನ್ 10. ಎ.ಎ. ತನ್ನ ಹುಟ್ಟುಹಬ್ಬವೆಂದು ಆಚರಿಸುವುದು ಆ ದಿನವನ್ನೇ. ಅಂದರೆ ಮೇ 12ಕ್ಕೆ ಮದುವೆ, ಜೂನ್ 10ಕ್ಕೆ ಹುಚ್ಚು ಬಿಟ್ಟಿತು!

ಆದ್ದರಿಂದಲೇ ಅಲ್ಲಿ ಸೇರಲು ಕುಡಿತ ಬಿಟ್ಟಿರಬೇಕೆಂಬ ನಿಯಮವಿಲ್ಲ. ಬಿಡಬೇಕೆಂಬ ಆಸೆ ಇದ್ದರೆ ಸಾಕು. ಶುಲ್ಕವಿಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ. ಇನ್ನು ಆ ‘ನಾಲ್ಕು ದಿನ ಬಿಟ್ಟು ತೋರಿಸುವ’ ಶಪಥ ಜೀವಕ್ಕೇ ಅಪಾಯ. ದಿನಾ ಹೆಚ್ಚು ಕುಡಿಯುವವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಕೈಕಾಲು ನಡುಗಿ, ಫಿಟ್ಸ್ ಬಂದು, ಬುದ್ಧಿಭ್ರಮಣೆ ಆಗುವುದುಂಟು. ಅಂಥವರು ವೈದ್ಯರನ್ನು ಕಂಡೇ ನಿಲ್ಲಿಸಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆ. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಹಳ್ಳಿಗಳ ಕಡೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಿವೆ, ಶಿಬಿರ ಮುಗಿದ ಮೇಲೆ ಸೇರಿ ಕೂರಲು ನವಜೀವನ ಸಮಿತಿಗಳಿವೆ.

ನನ್ನ ಹೆಂಡತಿಯ ತಮ್ಮನನ್ನು ಕೊನೆಗೊಂದು ಸಂಜೆ ನಾವೇ ದಿನ ಗೊತ್ತುಮಾಡಿ ಎ.ಎ. ಮೀಟಿಂಗಿಗೆ ಹೊರಡಿಸಿದೆವು. ಮನೆಯವರೂ ಕೂರಬಹುದಾದ ಓಪನ್ ಮೀಟಿಂಗ್ ಆದ್ದರಿಂದ ನಾನೂ ಹೋದೆ. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು, ಆಡುವುದಿಲ್ಲ. ಅವನದನ್ನು ಮಾತ್ರ ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಒಂದು ಶಾಲೆಯ ಕೊಠಡಿ. ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ, ಯಾವಾಗ ಬೇಕಾದರೂ ಎದ್ದು ಓಡುವವನಂತೆ, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಚಹಾ ಬಂದಾಗ ಕೈ ನಡುಗಿ ಅರ್ಧ ಪ್ಯಾಂಟಿನ ಮೇಲೆ ಚೆಲ್ಲಿತು. ಪಕ್ಕದವರು ಏನೂ ಹೇಳದೆ ಅವನ ಲೋಟ ತೆಗೆದುಕೊಂಡು, ಅರ್ಧಕ್ಕೆ ಮಾತ್ರ ತುಂಬಿಸಿ ತಂದುಕೊಟ್ಟರು. ನಡುಗುವ ಕೈಗೆ ಎಷ್ಟು ಚಹಾ ಹಿಡಿಸುತ್ತದೆ ಎಂದು ಬಲ್ಲವರು ಅವರು. ಇಷ್ಟು ವರ್ಷ ಬುದ್ಧಿ ಹೇಳಿದ ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಅವನ ಸರದಿ ಬಂದಾಗ ಹೆಸರೊಂದನ್ನು ಹೇಳಿ ಕೂತ. ಅಷ್ಟು ಸಾಕಾಯಿತು. ಏಳುವ ಹೊತ್ತಿಗೆ ಯಾರೋ ಅವನ ಫೋನಿನಲ್ಲಿ ತಮ್ಮ ನಂಬರ್ ಹಾಕಿಕೊಟ್ಟು, “ಕುಡೀಬೇಕು ಅನ್ಸಿದಾಗ ಮೊದಲು ನಂಗೆ ಮಾಡು” ಎಂದರು. ಬಾಬ್ ಸ್ಮಿತ್ ಹಾಗೆ ಅವನೂ ನಡುವೆ ಜಾರಿ ಕುಡಿದ. ಜಾರಿದ ವಾರವೂ ಮೀಟಿಂಗಿಗೆ ಹೋದ.

ಅವನ ಹೆಂಡತಿಯ ವಿಚಾರವನ್ನೂ ಹೇಳಬೇಕು. ಕುಡುಕರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಕೂಟವಿದೆ, ಬಿಲ್ ವಿಲ್ಸನ್‌ನ ಹೆಂಡತಿ ಲೋಯಿಸ್ ಮತ್ತು ಜೊತೆಗಾರರು 1951ರಲ್ಲಿ ಕಟ್ಟಿದ್ದು. ಗಂಡನನ್ನು ಸರಿಮಾಡುವ ಗುತ್ತಿಗೆ ನಿನ್ನದಲ್ಲ ಎಂದು ಆಕೆಗೆ ಮೊದಲು ಹೇಳಿದ್ದು ಅಲ್ಲಿನ ಹೆಂಗಸರು. ಅಲ್ಲಿಗೆ ಹೋಗಲು ಆಕೆ ಗಂಡ ಕುಡಿತ ಬಿಡುವ ತನಕ ಕಾಯಲಿಲ್ಲ. ಅವನಿಗಿಂತ ಮೊದಲೇ ಹೋಗತೊಡಗಿದ್ದಳು.